ಕುಂಕುಮದ ತುಕ್ಕು

ಟ್ಯಾಂಕು ಇನ್ನೂ ಕಾದಿರಲಿಲ್ಲ. ವೇಣಿಗೆ ಅದೊಂದು ಸಮಾಧಾನ. ಕಾಸ್ಟಿಕ್ ನೀರು ಕುದಿಯುವ ಹದಕ್ಕೆ ಬರುವವರೆಗೆ ಯಾವ ಕಬ್ಬಿಣವನ್ನೂ ಅದರೊಳಗೆ ಇಳಿಸುವಂತಿಲ್ಲ. ಹಾಗಾಗಿ ಅಲ್ಲಿಯವರೆಗೆ ತಾನು ಏನನ್ನೂ ತೀರ್ಮಾನಿಸಬೇಕಾಗಿಲ್ಲ ಎಂದುಕೊಂಡು, ಅಗತ್ಯವಿಲ್ಲದಿದ್ದರೂ ಮತ್ತೊಮ್ಮೆ ಮೀಟರಿನ ಮುಳ್ಳಿನ ಕಡೆ ನೋಡಿದಳು. ಪೀಣ್ಯದ ಒಳರಸ್ತೆಯ ಈ ಶೆಡ್ಡಿನಲ್ಲಿ ಅವಳು ನಡೆಸುತ್ತಿದ್ದದ್ದು ಬ್ಲ್ಯಾಕೋಡೈಸಿಂಗ್ ಕೆಲಸ. ಸುತ್ತಲಿನ ಕಾರ್ಖಾನೆಗಳಿಂದ ಬೆಳ್ಳಗೆ ಬಂದ ಬೋಲ್ಟು, ಪಿನ್ನು, ಗೇರುಗಳನ್ನು ಆಸಿಡ್ಡಿನಲ್ಲಿ ತೊಳೆದು, ಕಾಸ್ಟಿಕ್ಕಿನಲ್ಲಿ ಅದ್ದಿ, ಕಪ್ಪು ಏರಿಸಿ, ಎಣ್ಣೆ ಸವರಿ ಕಳಿಸುವುದು. ಬಂದೂಕಿನ ಕಬ್ಬಿಣಕ್ಕೆ ಏರಿಸುವ ಕಪ್ಪೂ ಹೆಚ್ಚುಕಡಿಮೆ ಇದೇ ಕಪ್ಪು. ಆದ್ದರಿಂದಲೇ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಮಲಗಿಸಿದ್ದ ಅಪ್ಪನ ಕೋವಿಯ ವಿಷಯದಲ್ಲಿ ಅವಳಿಗೆ ಯಾವ ನೆಪವೂ ಇರಲಿಲ್ಲ. ಆಗುವುದಿಲ್ಲ ಎಂದು ಹೇಳಿದರೆ ತಮ್ಮ ಪ್ರಸನ್ನ ನಗುತ್ತಾನೆ.

ಬೆಳಗ್ಗೆಯೇ ಬಂದು ಹೇಳಿ ಹೋಗಿದ್ದ. "ಅಕ್ಕ, ಫುಲ್ ಹೊಸದ್ರ ಥರ ಮಾಡ್ಬಿಡು. ತುಕ್ಕು ಗಿಕ್ಕು ಏನೂ ಇರ್ಬಾರ್ದು. ಮರದ್ದು ನಾನು ನೋಡ್ಕೋತೀನಿ, ಕಾರ್ಪೆಂಟರ್‌ಗೆ ಹೇಳಿದೀನಿ. ಆದ್ರೆ ಆ ಗುಂಡೇಟಿನ ಗುರುತು ಐತಲ್ಲ, ಅದು ಮಾತ್ರ ಹಂಗೇ ಇರ್ಲಿ ಕಣಕ್ಕ. ಸಂಜೆ ಬಂದು ತಗೊಂಡೋಗ್ತೀನಿ." ಕಾರ್ಪೊರೇಷನ್ ಎಲೆಕ್ಷನ್ನು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ವರ್ಷಗಳಿಂದ ಲಗ್ಗೆರೆಯ ಕಂಬ ಕಂಬಕ್ಕೂ ಫ್ಲೆಕ್ಸು ಕಟ್ಟಿಸುತ್ತ ಬಂದಿರುವ ಪ್ರಸನ್ನನಿಗೆ ಈ ಸಲದ ದಸರಾ ಫ್ಲೆಕ್ಸಿನಲ್ಲಿ ಕೋವಿ ಹಿಡಿದು ನಿಲ್ಲುವ ಆಸೆ. ನಗರ ನುಂಗುವ ಮೊದಲು ಊರಿದ್ದ ಕಾಲದಲ್ಲಿ ಅವರ ಮನೆಗೆ ಕೋವಿ ಮನೆ ಎಂದೇ ಹೆಸರು. ಈಗ ಊರೂ ಇಲ್ಲ, ಹೊಲವಿದ್ದಲ್ಲಿ ಪ್ರಸನ್ನನ ಬಾಡಿಗೆ ಕಟ್ಟಡಗಳಿವೆ, ಹೆಸರು ಮಾತ್ರ ಹಳಬರ ಬಾಯಲ್ಲಿ ಉಳಿದಿದೆ. ತಾತ ಹನುಮಂತಯ್ಯ ಬ್ರಿಟಿಷರ ದಂಡಿನಲ್ಲಿ ಯಾವನೋ ಮಿಲಿಟರಿ ದೊರೆಯ ಕುದುರೆಗಳಿಗೆ ಹುಲ್ಲು ಹಾಕಿಕೊಂಡಿದ್ದನಂತೆ, ದೊರೆ ದೇಶ ಬಿಡುವಾಗ ಈ ರೈಫಲ್ಲು ಕೊಟ್ಟು ಹೋದನಂತೆ. ಈ ಕಥೆ ಪ್ರಸನ್ನನ ಬಾಯಿಗೆ ಬರುವಷ್ಟರಲ್ಲಿ ತಾತ ತಾನೇ ಕುದುರೆ ಹತ್ತಿ ಯುದ್ಧಕ್ಕೆ ಹೋಗಿ, ಗುಂಡೇಟು ತಪ್ಪಿಸಿಕೊಂಡು, ಅದರ ಗುರುತನ್ನು ಕೋವಿಯ ಮೈಮೇಲೆ ಹೊತ್ತು ತಂದಿದ್ದ. ಅಪ್ಪ ಹೋದ ಮೇಲೆ ಲೈಸೆನ್ಸು ಹಿಂದಿರುಗಿಸಿ, ನಳಿಗೆಗೆ ಬೆಸುಗೆ ಹಾಕಿಸಿ, ಗುಂಡು ಹಾರದ ಹಾಗೆ ಮಾಡಿಸಿದ್ದಾಯಿತು. ಜಮೀನು ಪಾಲಾದ ದಿನ ಅದನ್ನು ಯಾರೂ ಕೇಳಲಿಲ್ಲ, ವೇಣಿ ಕೇಳಿದಳು. ತುಕ್ಕು ತಿಂದ ಮೈ, ಹೆಗಲಿಗೆ ಆನಿಸುವ ಕಡೆ ಸೀಳಿದ ಮರ, ಅದಕ್ಕೆ ಅಪ್ಪ ಬಿಗಿದು ಸುತ್ತಿದ್ದ ಸೈಕಲ್ ಟ್ಯೂಬಿನ ಪಟ್ಟಿ. ತಂದು ಶೆಡ್ಡಿನ ಅಟ್ಟದ ಮೇಲೆ ಇಟ್ಟವಳು ಇಷ್ಟು ವರ್ಷ ಅದನ್ನು ಕೆಳಗಿಳಿಸಿರಲಿಲ್ಲ.

ಬಟ್ಟೆಗೆ ಸೀಮೆಎಣ್ಣೆ ಹಾಕಿಕೊಂಡು ನಳಿಗೆಯ ಉದ್ದಕ್ಕೂ ಎಳೆದಳು. ಬಟ್ಟೆಗೆ ಕೆಂಪು ಹತ್ತಿತು. ಅಪ್ಪ ಇದನ್ನು ಸುತ್ತುತ್ತಿದ್ದ ಬೆಡ್‌ಶೀಟಿಗೂ ಹೀಗೇ ಹತ್ತುತ್ತಿತ್ತು, ಅಮ್ಮ ಬೈಯುತ್ತಿದ್ದಳು. ಎಲೆಕ್ಷನ್ ಬಂತೆಂದರೆ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಗುಂಡೇ ಸಿಗದ, ಹೊಲಕ್ಕೆ ನುಗ್ಗಿದ ಹಂದಿಯೂ ತಿರುಗಿ ನೋಡದ ಕೋವಿಗೂ ಅದೇ ಕಾನೂನು. ಅಪ್ಪನಿಗೆ ಮಾತ್ರ ಅದು ಹಬ್ಬ. ಹಿಂದಿನ ದಿನವೇ ಬಿಳಿ ಅಂಗಿ ಒಗೆಸಿ, ತಲೆಗೆ ಎಣ್ಣೆ ಹಚ್ಚಿ, ಕೋವಿಯನ್ನು ಹೂವಿನ ಚಿತ್ರದ ಬೆಡ್‌ಶೀಟಿನಲ್ಲಿ ಕೂಸಿನ ಹಾಗೆ ಸುತ್ತಿ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದ. ಅಂಥದೊಂದು ಎಲೆಕ್ಷನ್ನಿನ ವರ್ಷ ಅವಳು ಹೈಸ್ಕೂಲಿನ ಕೊನೆಯ ತರಗತಿ, ಶಾಲೆ ಠಾಣೆಯ ಆಚೆ ಬೀದಿಯಲ್ಲಿ. "ಬಾ ಮಗಾ, ಜೊತೇಲೇ ಓಗಣ" ಎಂದ. ದಾರಿಯುದ್ದಕ್ಕೂ ಅವಳು ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಠಾಣೆಯ ಅಂಗಳದಲ್ಲಿ ದಫೇದಾರ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದ. ಬೆಡ್‌ಶೀಟು ಬಿಚ್ಚಿದ್ದೇ ಒಳಗಿದ್ದ ಪೊಲೀಸರೆಲ್ಲ ಹೊರಗೆ ಬಂದರು. ಒಬ್ಬ ಮೂಗು ಮುಚ್ಚಿಕೊಂಡ. ದಫೇದಾರ ಅಪ್ಪನ ಕಡೆ ತಿರುಗಿದ. "ಏನ್ ನಲ್ಲಪ್ಪ, ಇದನ್ನ ಇಟ್ಕೊಂಡು ಯಾವ ದೇಶದ ಮೇಲೆ ಯುದ್ಧಕ್ಕೆ ಹೊಂಟಿದ್ಯಾ? ಎಲ್ಲಿ, ಹೆಗಲ ಮೇಲಿಟ್ಕೊ. ಅಟೆನ್ಷನ್!" ಅಪ್ಪ ಇಟ್ಟುಕೊಂಡ. ಎದೆ ಸೆಟೆಸಿದ. ಲೆಫ್ಟ್, ರೈಟ್, ಲೆಫ್ಟ್ ಎಂದು ದಫೇದಾರ ಲಾಠಿಯಿಂದ ನೆಲ ಕುಟ್ಟುತ್ತ ಹೋದ, ಪಂಚೆಯ ತುದಿ ಕೈಯಲ್ಲಿ ಹಿಡಿದುಕೊಂಡು ಅಪ್ಪ ಅಂಗಳದ ಈ ಕಡೆಯಿಂದ ಆ ಕಡೆಗೆ ಹೆಜ್ಜೆ ಹಾಕಿದ, ತಿರುಗಿದ, ಮತ್ತೆ ಬಂದ. ಮುಖದಲ್ಲಿ ನಗುವಿರಲಿಲ್ಲ, ಬೇಸರವೂ ಇರಲಿಲ್ಲ. ಗೇಟಿನ ಕಂಬಿ ಹಿಡಿದು ನಿಂತಿದ್ದ ವೇಣಿಯ ಬೆನ್ನ ಹಿಂದೆ ಅವಳ ತರಗತಿಯ ಹುಡುಗಿಯೊಬ್ಬಳು ಬಂದು ನಿಂತು, "ಯಾರೇ ಅದು, ಹಂಗೆ ಆಡ್ತಿರೋದು?" ಎಂದಳು.

"ಗೊತ್ತಿಲ್ಲ ಕಣೆ," ಎಂದಿದ್ದಳು ವೇಣಿ.

"ಅಕ್ಕಾರ, ಈ ಬೋಲ್ಟ್ ಮೊದ್ಲ ಬಿಡ್ಲೆನ್ರಿ, ಇಲ್ಲಾ ನಿಮ್ಮ ಬಂದೂಕ ಮೊದ್ಲನೋ?" ಸಂಗಮೇಶ್ ರಬ್ಬರ್ ಗ್ಲೌಸು ಹಾಕಿಕೊಳ್ಳುತ್ತ ಕೇಳಿದ. ಟ್ಯಾಂಕು ನೋಡಿಕೊಳ್ಳುವವನು ಅವನೇ, ವಿಜಯಪುರದ ಕಡೆಯವನು. ನಾಳೆ ರಜೆಯಾದ್ದರಿಂದ ಇವತ್ತೇ ಶೆಡ್ಡಿನ ಆಯುಧಪೂಜೆ. ಕೊನೆಯ ಬ್ಯಾಚು ಬೇಗ ಮುಗಿಸಿ, ನೆಲ ತೊಳೆದು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿಸಿಕೊಂಡು ಬಸ್ಸು ಹಿಡಿಯುವ ಅವಸರ ಅವನದು. "ಇನ್ನೂ ಕಾದಿಲ್ಲವಲ್ಲ, ನೋಡೋಣ ಇರಪ್ಪ," ಎಂದಳು. ನೋಡುವುದೇನಿತ್ತು? ಬೆಳಗ್ಗೆ ತಮ್ಮ ಕೇಳಿದ ಕೂಡಲೇ ಹೂಂ ಎಂದವಳು ಅವಳೇ. ಅವನ ಫ್ಲೆಕ್ಸಿಗಾಗಿ ಅಲ್ಲ, ಆ ಅಂಗಳಕ್ಕಾಗಿ. ಅಂದು ಅಪ್ಪನ ಹೆಗಲ ಮೇಲೆ ಕಪ್ಪಗೆ ಹೊಳೆಯುವ, ಮರಕ್ಕೆ ಪಾಲಿಷ್ ಮಾಡಿದ, ನೋಡಿದವರು ಎರಡು ಹೆಜ್ಜೆ ಹಿಂದೆ ಸರಿಯುವಂಥ ಕೋವಿ ಇದ್ದಿದ್ದರೆ ಯಾವ ದಫೇದಾರ ನಗುತ್ತಿದ್ದ? ಅವಳೇ ಯಾಕೆ ಹಾಗೆ ಹೇಳುತ್ತಿದ್ದಳು? ಈ ಲೆಕ್ಕ ಹುಚ್ಚು ಎಂದು ಗೊತ್ತಿದ್ದರೂ ಮನಸ್ಸು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಇವತ್ತು ಸರಿಮಾಡಿಬಿಟ್ಟರೆ ಅವತ್ತಿನದೂ ಒಂದಿಷ್ಟು ಸರಿಹೋಗಬಹುದು ಎಂಬ ಆಸೆ. ಆಸ್ಪತ್ರೆಯಲ್ಲಿ ಕೊನೆಗೆ ಅಪ್ಪನ ಕಾಲು ಒತ್ತುತ್ತ ಕುಳಿತಾಗ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ನೀರು ಬೇಕಾ ಎಂದಷ್ಟೇ ಕೇಳಿದ್ದಳು. ನೀರು ಕುಡಿಸಿ ಕುಡಿಸಿ ಅಪ್ಪನಿಗೆ ಸಾಕಾಗಿ, ಕೊನೆಕೊನೆಗೆ ಅವಳು ಬಾಯಿ ತೆರೆದರೆ ಸಾಕು, ಬೇಡ ಎಂದು ಕೈಯಾಡಿಸುತ್ತಿದ್ದ.

ಗುಂಡು ತುಂಬುವ ಜಾಗದ ಪಕ್ಕದಲ್ಲಿ ಚಪ್ಪಟೆಯಾದ ಕಬ್ಬಿಣ, ಅದರ ನಡುವೆ ಪ್ರಸನ್ನನ ಗುಂಡೇಟು. ಸೀಮೆಎಣ್ಣೆಗೆ ಮೇಲಿನ ಜಿಡ್ಡು ಸಡಿಲವಾಗಿ ಬಂದಂತೆ ಗುಳಿಯ ಅಂಚು ಕಂಡಿತು. ವೇಣಿ ಕನ್ನಡಕ ಏರಿಸಿಕೊಂಡಳು. ಪೆಟ್ಟು ಬಿದ್ದ ಕಬ್ಬಿಣ ಸುತ್ತಲೂ ಉಬ್ಬಿರುತ್ತದೆ. ಇದು ಉಬ್ಬಿರಲಿಲ್ಲ, ಮೆಲ್ಲಗೆ ಒಳಗೊಳಗೇ ತಿಂದುಹೋದ ಹಾಗೆ ಇತ್ತು, ಮೇಲೆ ಸ್ವಲ್ಪ ಚೂಪು, ಕೆಳಗೆ ದುಂಡಗೆ. ಇದನ್ನು ಗುರುತಿಸಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ರತಿ ವರ್ಷ ಆಯುಧಪೂಜೆ ಕಳೆದ ವಾರ ಯಾವುದಾದರೊಂದು ಕಾರ್ಖಾನೆಯಿಂದ ಮಾಲು ವಾಪಸು ಬರುತ್ತದೆ, ಸಿಟ್ಟಿನ ಫೋನೂ ಬರುತ್ತದೆ. ಹುಡುಗರು ಭಕ್ತಿಯಿಂದ ಮೆಷಿನ್ನಿಗೆ ಹಚ್ಚಿದ ಕೈಯಲ್ಲೇ ತಯಾರಾದ ಮಾಲಿಗೂ, ಅವರ ಬಾಯಲ್ಲಿ ಜಾಬಿಗೂ, ಒದ್ದೆ ಕುಂಕುಮ ಒತ್ತಿರುತ್ತಾರೆ, ರಜೆ ಮುಗಿಸಿ ಬಂದು ಒರೆಸಿ ನೋಡಿದರೆ ಅಡಿಯಲ್ಲಿ ಹೆಬ್ಬೆರಳಿನ ಆಕಾರಕ್ಕೆ ತುಕ್ಕು. ಬೈದು ಬೈದು ಸಾಕಾಗಿ ಗೋಡೆಗೆ ಅವಳೇ ಬೋರ್ಡು ಬರೆಸಿ ಹಾಕಿದ್ದಳು: ಜಾಬ್ ಮೇಲೆ ಕುಂಕುಮ ಇಡಬಾರದು. ಅದೇ ಗೋಡೆಯ ಕೆಳಗೆ ಈಗ ತಾತನ, ಅಪ್ಪನ ಕುಂಕುಮ ಬಿದ್ದಿತ್ತು. ಒಂದೇ ಜಾಗಕ್ಕೆ, ನವರಾತ್ರಿಯಿಂದ ನವರಾತ್ರಿಗೆ, ಹಳೆಯದನ್ನು ಒರೆಸದೆ ಅದರ ಮೇಲೇ ಇಟ್ಟದ್ದು. ಯಾವ ಯುದ್ಧವೂ ಮಾಡದ ಗಾಯವನ್ನು ಮನೆಯವರು ಕೈಮುಗಿದು ಮುಗಿದು ಮಾಡಿಟ್ಟಿದ್ದರು. ಅವಳು ತನ್ನ ಹೆಬ್ಬೆರಳನ್ನು ಗುಳಿಯಲ್ಲಿಟ್ಟು ನೋಡಿದಳು. ಗುಳಿ ಸ್ವಲ್ಪ ದೊಡ್ಡದಾಯಿತು, ಅಪ್ಪನ ಬೆರಳು ದಪ್ಪ.

ಅಲ್ಲಿಂದ ಕೈ ಓಡದಾಯಿತು. ಗ್ರೈಂಡರ್ ಹಿಡಿದರೆ ಗುಳಿ ಹೋಗುತ್ತದೆ. ಹಾಗೇ ಬಿಟ್ಟು ಉಳಿದದ್ದನ್ನು ಹೊಳೆಯಿಸಿದರೆ ಅದು ಫ್ಲೆಕ್ಸಿನ ಮೇಲೆ ಗುಂಡೇಟಾಗಿ ನಿಂತು, ತಾತ ಯುದ್ಧ ಗೆದ್ದದ್ದೇ ಆಗುತ್ತದೆ. ಏನೂ ಮಾಡದಿದ್ದರೆ? ಅವಳಿಗೆ ಥಟ್ಟನೆ ಭಯವಾಯಿತು. ಏನೂ ಮಾಡದಿದ್ದರೆ ಕೋವಿ ಠಾಣೆಯ ಅಂಗಳದಲ್ಲಿದ್ದ ಕೋವಿಯೇ ಆಗಿ ಉಳಿಯುತ್ತದೆ, ಗೇಟಿನ ಹತ್ತಿರ ತಾನೂ ಹಾಗೆಯೇ ನಿಂತಿರುತ್ತೇನೆ. ಟ್ಯೂಬಿನ ಪಟ್ಟಿಯ ತುದಿ ಎಳೆದು ನೋಡಿದಳು, ಒಣಗಿ ಗರಗರ ಎಂದಿತು. ಬಿಚ್ಚುವ ಮೊದಲು ಅಮ್ಮನನ್ನೊಂದು ಮಾತು ಕೇಳೋಣ ಎನ್ನಿಸಿದ್ದು ನಿಜವಾಗಿ ಕೇಳುವುದಕ್ಕೋ ಹೊತ್ತು ಕಳೆಯುವುದಕ್ಕೋ ಅವಳಿಗೇ ತಿಳಿಯಲಿಲ್ಲ. ಫೋನ್ ಹಿಡಿದು ಹೊರಗಿನ ನೀರಿನ ಡ್ರಮ್ಮಿನ ಹತ್ತಿರ ಬಂದು ನಿಂತಳು. ಪ್ರಸನ್ನನ ಮನೆಯಲ್ಲಿ ಟೀವಿ ಜೋರಾಗಿತ್ತು. ಅಮ್ಮ ರಾಮಕ್ಕ ಅದಕ್ಕಿಂತ ಜೋರಾಗಿ ಮಾತಾಡಿದಳು.

"ಏನವ್ವ ವೇಣಿ, ಒತ್ತಲ್ಲದ ಒತ್ನಾಗೆ?"

"ಏನಿಲ್ಲಮ್ಮ. ಅಪ್ಪನ ಕೋವಿ ಮರ ಸೀಳಿದ್ದು ಹೆಂಗೆ? ಪ್ರಸನ್ನ ಹೊಸದು ಹಾಕಿಸ್ತಾನಂತೆ."

"ಅದು ಟೇಸನ್‌ನಾಗೇ ಸೀಳೋಯ್ತು ಕಣವ್ವ. ಒಂದ್ ಎಲೆಕ್ಸನ್‌ನಾಗೆ ಕೊಟ್ಟಾಗ ಸಂದಾಗಿತ್ತು, ಬಿಡುಸ್ಕೊಂಬರೋವಾಗ ಸೀಳಿತ್ತು. ಯಾವೋನು ಅದ್ರ ಮ್ಯಾಲೆ ಏನ್ ಬಿಸಾಕಿದ್ನೋ. ನಿಮ್ಮಪ್ಪ ಒಂದ್ ಮಾತೂ ಕೇಳ್ನಿಲ್ಲ. ಟೂಬು ಸುತ್ಕೊಂತು, ಸುಮ್ಕಾತು." ರಾಮಕ್ಕ ಎಲೆಯಡಿಕೆ ಉಗಿದು ಬಂದಳು. "ಆ ವರ್ಸಾನೇ ಅಲ್ವ, ಆ ಕವಾತು ಮಾಡ್ಸಿದ್ದು."

ಅಮ್ಮನಿಗೆ ಗೊತ್ತು. ಇಷ್ಟು ವರ್ಷದಿಂದ ಗೊತ್ತು.

"ಯಾವ ಕವಾಯತು?" ಎಂದಳು, ಗೊತ್ತಿಲ್ಲದವಳ ಹಾಗೆ.

"ಅಯ್ಯೋ, ನೀನೂ ಇದ್ಯಲ್ಲವ್ವ ಅಲ್ಲಿ! ಸಂಜೀಕೆ ಮನೇಗ್ ಬಂತು ನಿಮ್ಮಪ್ಪ, ಒನಕೆ ಎಗಲ ಮ್ಯಾಲಿಕ್ಕಂತು, ಅಟ್ಟಿ ತುಂಬ ಲೆಪ್ಟು ರೈಟು ಅಂತ ಕುಣೀತು ನೋಡು, ನಂಗೂ ನಿಮ್ಮತ್ತೇಗೂ ನಕ್ಕೂ ನಕ್ಕೂ ಒಟ್ಟೆ ಇಡ್ಕಂಡ್ಬುಡ್ತು. ಆ ದಪೇದಾರ ನಂಗೆ ಕವಾತು ಮಾಡಿಸ್ದೆ ಅನ್ಕಂಡವ್ನೆ, ನಾನೇ ಅವ್ನ್ ಕೈಲಿ ನೆಲ ಕುಟ್ಸ್ಬುಟ್ಟು ಬಂದೆ ಕಣೇ ಅಂತು. ನೀನು ರೂಮ್‌ನಾಗೆ ಬಾಗ್ಲಾಕಂಡು ಓದ್ಕಂತಿದ್ದೆ."

ಹೌದು, ಬಾಗಿಲು ಹಾಕಿಕೊಂಡಿದ್ದಳು. ಹೊರಗೆ ಎಲ್ಲರೂ ನಗುತ್ತಿದ್ದದ್ದು ಕೇಳಿಸಿತ್ತು. ತನ್ನನ್ನೇ ಆಡಿಕೊಂಡು ನಗುತ್ತಿದ್ದಾರೆ ಎಂದುಕೊಂಡು ದಿಂಬಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಅಮ್ಮ," ಎಂದಳು. "ನನ್ ಬಗ್ಗೆ ಏನಾದ್ರೂ ಹೇಳ್ತಾ ಅಪ್ಪ?"

"ನಿನ್ ಬಗ್ಗೆ? ಊಂ, ಯೇಳ್ತು. ಯಾರೋ ಉಡುಗಿ ಯಾರೇ ಅದು ಅಂತ ಕೇಳಿದ್ಕೆ ನೀನು ಗೊತ್ತಿಲ್ಲ ಅಂದ್ಯಂತೆ. ಕೇಳಿಸ್ಕಂಡೈತೆ ಅದು, ಕಿವಿ ಸುರುಕು ನಿಮ್ಮಪ್ಪಂದು. ಮಗ ಬುದ್ವಂತೆ ಕಣೇ, ಟೇಸನ್ ಮುಂದೆ ನಿಂತು ಯಾರ್ ಏನ್ ಕೇಳುದ್ರೂ ಗೊತ್ತಿಲ್ಲ ಅನ್ಬೇಕು, ಇಲ್ದಿದ್ರೆ ಸಾಕ್ಸಿ ಗೀಕ್ಸಿ ಅಂತ ಎಳ್ಕಂಡೋಗ್ತಾರೆ, ಇವ್ಳು ಎಲ್ಲೋದ್ರೂ ಬದುಕ್ಕಂತಾಳೆ ಅಂತು. ಊರಿಗೆಲ್ಲ ಯೇಳ್ಕಂಡು ತಿರುಗ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಅದ್ರಾಗೇನೈತವ್ವ ಯೇಳಾಕೆ? ನೀನೇ ಆಡಿದ್ ಮಾತು ನಿಂಗೊತ್ತಿಲ್ವಾ? ಇರು, ಆಲು ಉಕ್ತಾ ಐತೆ." ಫೋನು ಕಟ್ಟಾಯಿತು.

ಡ್ರಮ್ಮಿನ ಅಂಚಿನ ಮೇಲೆ ವೇಣಿ ಕುಳಿತುಬಿಟ್ಟಳು. ಸೀರೆಯ ಹಿಂಭಾಗ ಒದ್ದೆಯಾದದ್ದು ಆಮೇಲೆ ಗೊತ್ತಾಯಿತು. ರಸ್ತೆಯಲ್ಲಿ ಯಾರೋ ಲಾರಿಗೆ ಬಾಳೆಕಂದು ಕಟ್ಟುತ್ತಿದ್ದರು, ಎದುರಿನ ಪ್ರೆಸ್ ಶಾಪಿನಲ್ಲಿ ಧಡ್ ಧಡ್ ಎಂದು ಕೊನೆಯ ಪಾಳಿ ನಡೆದಿತ್ತು, ಎಲ್ಲವೂ ಇದ್ದ ಹಾಗೇ ಇತ್ತು. ಅಪ್ಪ ನಿಜವಾಗಿಯೂ ಹಾಗೆ ಅಂದುಕೊಂಡಿದ್ದನೇ, ಅಥವಾ ಮನೆಗೆ ಬರುವ ದಾರಿಯಲ್ಲಿ ನುಂಗಬೇಕಾದದ್ದನ್ನು ನುಂಗಿ, ಉಳಿದದ್ದಕ್ಕೆ ಒನಕೆ ಹಿಡಿದು ಕುಣಿದನೇ? ಕೇಳಲು ಅವನಿಲ್ಲ. ಹೇಗಾದರೂ ಆಗಲಿ, ಅವನು ಅವತ್ತೇ ಅದನ್ನು ಮುಗಿಸಿದ್ದ. ಮುದ್ದೆ ಉಂಡು ಮಲಗಿದ್ದ. ಮಗಳು ಎಲ್ಲಿ ಹೋದರೂ ಬದುಕುತ್ತಾಳೆ ಎಂದು ಊರಿಗೆಲ್ಲ ಹೇಳಿ ನಿಶ್ಚಿಂತೆಯಾಗಿದ್ದ. ಹೊತ್ತುಕೊಂಡು ತಿರುಗಿದ್ದು ಅವಳೊಬ್ಬಳೇ, ಅದೂ ಬೆಡ್‌ಶೀಟಿನಲ್ಲಿ ಸುತ್ತಿ, ಯಾರಿಗೂ ಕಾಣದ ಹಾಗೆ. ಅಳು ಬರುತ್ತದೆ ಎಂದುಕೊಂಡಳು, ಬಂದದ್ದು ನಗು. ಅಪ್ಪನ ಪಂಚೆ, ಅಪ್ಪನ ಸೆಟೆದ ಎದೆ, ಲಾಠಿಯಿಂದ ನೆಲ ಕುಟ್ಟಿ ಕುಟ್ಟಿ ಬೆವೆತ ದಫೇದಾರ, ಎಲ್ಲವೂ ಮೊದಲ ಸಲ ತಮಾಷೆಯಾಗಿ ಕಂಡವು.

"ಅಕ್ಕಾರ, ಟ್ಯಾಂಕ್ ಕಾಯ್ದೈತ್ರಿ," ಎಂದು ಸಂಗಮೇಶ್ ಕೂಗಿದ.

"ಬೋಲ್ಟ್ ಹಾಕ್ಬಿಡಪ್ಪ."

"ಬಂದೂಕ?"

"ಬೇಡ," ಎಂದಳು. ಅಷ್ಟು ಸುಲಭವಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಪ್ರಸನ್ನ ಹೇಳಿದ್ದಕ್ಕಿಂತ ಮುಂಚೆಯೇ ಬಂದ. ಬಿಳಿ ಅಂಗಿ, ಹಣೆಗೆ ಉದ್ದ ನಾಮ, ಕಾರಿನ ಬಾಗಿಲು ತೆರೆದೇ ಬಿಟ್ಟಿದ್ದ. ಮೇಜಿನ ಮೇಲೆ ಬೆಳಗ್ಗೆ ಇದ್ದ ಹಾಗೇ ಮಲಗಿದ್ದ ಕೋವಿಯನ್ನು ಕಂಡು ಮುಖ ಸಣ್ಣದಾಯಿತು. "ಏನಕ್ಕ ಇದು? ಫೋಟೋದವ್ನು ಕಾಯ್ತಾ ಅವ್ನೆ. ಕರೆಂಟ್ ಇರ್ಲಿಲ್ವಾ?" ಕರೆಂಟ್ ಇರಲಿಲ್ಲ ಎಂದುಬಿಡಬಹುದಿತ್ತು. ಅವಳು ವಾಪಸು ಬಂದ ಮಾಲಿನ ಟ್ರೇಯಿಂದ ಒಂದು ಪ್ಲೇಟು ತಂದು ಕೋವಿಯ ಪಕ್ಕಕ್ಕಿಟ್ಟಳು. ಹೋದ ವರ್ಷದ ಹೆಬ್ಬೆರಳಿನ ತುಕ್ಕು ಅದರ ಮೇಲಿತ್ತು.

"ಎರಡನ್ನೂ ನೋಡು."

ಅವನು ಬಗ್ಗಿ ನೋಡಿದ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಪೂಜೆಗೆಂದು ತಟ್ಟೆಯಲ್ಲಿ ಕಲಸಿಟ್ಟಿದ್ದ ಕುಂಕುಮವನ್ನೂ, ಗೋಡೆಯ ಬೋರ್ಡನ್ನೂ, ಮತ್ತೆ ಗುಳಿಯನ್ನೂ ನೋಡಿದ.

"ಹಂಗಾದ್ರೆ ಗುಂಡೇ ಬಿದ್ದಿಲ್ವೇನಕ್ಕ?"

ಐವತ್ತರ ಹತ್ತಿರ ಬಂದವನ ದನಿಯಲ್ಲಿ ಅಷ್ಟು ಎಳೆಯ ನಿರಾಸೆ ಕೇಳಿ ಅವಳಿಗೆ ತಮ್ಮನ ಮೇಲೆ ಅಕ್ಕರೆ ಉಕ್ಕಿತು. ಶಾಲೆಯಲ್ಲಿ ಇವನು ಈ ಗುಂಡೇಟಿನ ಕಥೆ ಹೇಳಿ ಎಷ್ಟು ಹುಡುಗರ ಬಾಯಿ ಮುಚ್ಚಿಸಿದ್ದನೋ. "ಇಲ್ಲ ಕಣೋ. ಯಾರೂ ನಮ್ಮ ಮೇಲೆ ಗುಂಡು ಹಾರಿಸಿಲ್ಲ. ಒಳ್ಳೇದೇ ಆಯ್ತಲ್ಲ. ಇದು ತಾತಂದು, ಅಪ್ಪಂದು ಬೆರಳು. ಇದಕ್ಕೆ ನಾನು ಆಸಿಡ್ ಹಾಕಲ್ಲ, ಗ್ರೈಂಡರೂ ಹಿಡಿಯಲ್ಲ. ಟ್ಯೂಬೂ ಹಂಗೇ ಇರ್ಲಿ."

"ಫ್ಲೆಕ್ಸ್‌ಗೆ?"

"ಹಿಂಗೇ ಹಿಡ್ಕೊಂಡು ನಿಂತ್ಕೋ."

"ನಗ್ತಾರೆ ಅಕ್ಕ."

"ನಗ್ಲಿ ಬಿಡೋ. ಅಪ್ಪನ್ನ ನೋಡೂ ನಗ್ತಿದ್ರು."

ಅವನು ಸ್ವಲ್ಪ ಹೊತ್ತು ಗೊಣಗಿದ. ನಿಂಗೇನು ಗೊತ್ತಾಗುತ್ತೆ, ವಾರ್ಡಿನಲ್ಲಿ ನನ್ನ ಮಾನ, ಕಾರ್ಪೆಂಟರ್‌ಗೆ ಬೇರೆ ಹೇಳಿಬಿಟ್ಟಿದೀನಿ ಎಂದೆಲ್ಲ. ಮಾತಾಡುತ್ತಲೇ ಕೋವಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಎದುರಿನ ಕಾರಿನ ಗಾಜಿನಲ್ಲಿ ತನ್ನನ್ನು ತಾನು ನೋಡಿಕೊಂಡು, ತುಕ್ಕು ಬಿಳಿ ಅಂಗಿಗೆ ಹತ್ತಿದ್ದು ಕಂಡು ಅಯ್ಯಯ್ಯೋ ಎಂದು ಕೆಳಗಿಟ್ಟ. ಇಬ್ಬರೂ ನಕ್ಕರು. ಅವನು ಭುಜ ಒರೆಸಿಕೊಳ್ಳುತ್ತ, ಹೋದ ವರ್ಷದ ಫೋಟೋನೇ ಹಾಕಿಸಿದರಾಯಿತು ಎಂದು ಹೊರಟ. ಹೋಗುವ ಮುಂಚೆ, ಅವಳು ನೋಡುತ್ತಿಲ್ಲ ಎಂದುಕೊಂಡು, ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದ. ಅವನದು ಸರಿಯಾಗಿ ಕೂತಿತು. ಒಂದು ಕ್ಷಣ ಅವಳಿಗೆ ಹೊಟ್ಟೆಕಿಚ್ಚಾಯಿತು, ಆಮೇಲೆ ಅದೂ ಹೋಯಿತು.

ಬೋಲ್ಟುಗಳು ಕಪ್ಪಾಗಿ, ಎಣ್ಣೆ ಕುಡಿದು, ಟ್ರೇಗಳಲ್ಲಿ ಸಾಲಾಗಿ ಕೂತವು. ನೆಲ ತೊಳೆದು, ಟ್ಯಾಂಕುಗಳಿಗೆ ಹೂ ಹಾಕಿ, ಸಂಗಮೇಶ್ ಪೂಜೆಗೆ ಅಣಿ ಮಾಡಿದ. ವೇಣಿ ಕೋವಿಗೆ ಒಂದು ಕೈ ಎಣ್ಣೆ ಸವರಿ, ತಾನು ಕೂರುವ ಕುರ್ಚಿಯ ಮೇಲ್ಗಡೆ ಗೋಡೆಯ ಮೊಳೆಗಳಿಗೆ ನೇತುಹಾಕಿಸಿದಳು. ಹೆಬ್ಬೆರಳಿಗೆ ಒದ್ದೆ ಕುಂಕುಮ ತೆಗೆದುಕೊಂಡು ಗುಳಿಗೆ ಒತ್ತಿದಾಗ ಸಂಗಮೇಶ್ ಬೋರ್ಡಿನ ಕಡೆ ನೋಡಿ ಕೆಮ್ಮಿದ.

"ತುಕ್ ಹಿಡೀತೈತ್ರಿ ಅಕ್ಕಾರ."

"ಹಿಡೀಲಿ ಬಿಡಪ್ಪ," ಎಂದಳು.

ಬೋಲ್ಟು ಒಯ್ಯಲು ಜಿಗಣಿಯಿಂದ ಬಂದಿದ್ದ ಟೆಂಪೊ ಡ್ರೈವರ್ ಕಡ್ಲೆಪುರಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಂಗಳಾರತಿ ತೆಗೆದುಕೊಂಡವನ ಕಣ್ಣು ಗೋಡೆಗೆ ಹೋಯಿತು. ತುಕ್ಕು ಹಿಡಿದ ನಳಿಗೆ, ಸೀಳಿದ ಮರ, ಸೈಕಲ್ ಟ್ಯೂಬು, ನಡುವೆ ಕೆಂಪಗೆ ಹಸಿ ಕುಂಕುಮ. ಅವನಿಗೆ ನಗು ಬಂತು, ತಡೆದುಕೊಂಡ.

"ಯಾರ್ದು ಮೇಡಂ ಇದು?"

"ನಮ್ಮಪ್ಪಂದು."

"ಓ, ಮಿಲಿಟ್ರಿಲಿದ್ರಾ?"

"ಇಲ್ಲ," ಎಂದಳು ವೇಣಿ, ಅವನ ಕೈಗೆ ಇನ್ನೊಂದು ಹಿಡಿ ಪುರಿ ಹಾಕುತ್ತ. "ರಾಗಿ ಬೆಳೀತಿದ್ರು."